ಹಳೆಯ ಬಂದೂಕಿಗೆ ಹೊಸ ನಳಿಗೆಯೋ, ಹೊಸ ಬಂದೂಕೋ?

ದೀಪಾವಳಿಯ ಬಿಡುವು ಮುಗಿದು ಶಾಲೆ ತೆರೆದ ಎರಡನೆಯ ದಿನ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮನ್ನು ಕಾಣಲು ಬಂದಿದ್ದನು. ಜತ್ತ ಸೀಮೆಯ ಈ ಒಣ ಊರುಗಳಿಂದ ಸೈನ್ಯ ಸೇರುವ ಹುಡುಗರು ಕಡಮೆಯಿಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರವು ಬೆಳಗಾವಿಯಲ್ಲಿಯೇ ಇರುವುದರಿಂದ ಭರತಿಯ ದಾರಿಯೂ ನಮ್ಮವರಿಗೆ ಹೊಸತಲ್ಲ. ರಜೆಯ ಮೇಲೆ ಬಂದಿದ್ದ ಆತನನ್ನು ಐದನೆಯ ಇಯತ್ತೆಯ ಮಕ್ಕಳ ಮುಂದೆ ಕೂರಿಸಿ, ನಾಲ್ಕು ಮಾತು ಹೇಳಪ್ಪಾ ಎಂದೆವು. ತಾನು ವರ್ಷಗಟ್ಟಲೆ ಹೊತ್ತ ಇನ್ಸಾಸ್ ರೈಫಲನ್ನು ಮರಳಿ ಪಡೆದು ಸರಕಾರವು ತನ್ನ ಕೈಗೆ ಬೇರೊಂದನ್ನು ಕೊಟ್ಟಿದೆಯೆಂದು ಆತನು ಹೇಳಿದಾಗ, ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತನು.

“ಅಣ್ಣಾ, ಹಳೇದಕ್ಕ ಏನಾರ ಜೋಡಿಸಿ ಸುಧಾರಿಸಾಕ ಬರತಿದ್ದಿಲ್ಲೇನು?”

ಸೈನಿಕನು ನಕ್ಕು, “ನಮ್ಮನ್ನ ಕೇಳಿ ಬಂದೂಕ ಕೊಡೂದಿಲ್ಲಪಾ. ಗುರುಗಳನ್ನ ಕೇಳು” ಎಂದು ಪ್ರಶ್ನೆಯನ್ನು ನಮ್ಮ ಕಡೆಗೆ ದಾಟಿಸಿಬಿಟ್ಟನು.

ಅಂದು ನಾವು ಏನೋ ಹೇಳಿ ಗಂಟೆ ಬಾರಿಸಿದೆವು. ಆದರೆ ಪ್ರಶ್ನೆ ಮಾತ್ರ ನಮ್ಮೊಡನೆಯೇ ಮನೆಗೆ ಬಂದಿತು. ಇದ್ದುದನ್ನು ಸುಧಾರಿಸಬೇಕೆ, ಬಿಟ್ಟು ಬೇರೆಯದನ್ನು ಹಿಡಿಯಬೇಕೆ ಎಂಬುದು ಬಂದೂಕಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಆದರೂ ಬಂದೂಕಿನ ವಿಷಯದಲ್ಲಿ ತಪ್ಪಿದರೆ ತೆರುವ ಬೆಲೆ ಪ್ರಾಣವಾದುದರಿಂದ, ಜನರು ಅಲ್ಲಿ ಈ ಪ್ರಶ್ನೆಯನ್ನು ಬಹಳ ಕಟ್ಟುನಿಟ್ಟಾಗಿ ಕೇಳಿಕೊಂಡಿದ್ದಾರೆ. ಆದ್ದರಿಂದ ಈ ತಿಂಗಳು ಬಂದೂಕಿನ ಕಥೆಯನ್ನೇ ಹೇಳುತ್ತೇವೆ. ವಾಚಕರು ಬೇಸರಪಡಬಾರದು.

೧೮೫೭ರಲ್ಲಿ ಕೊಬ್ಬು ಸವರಿದ ಕಾಡತೂಸುಗಳ ದೆಸೆಯಿಂದ ಸಿಪಾಯಿಗಳ ಸಿಟ್ಟಿಗೆ ಕಾರಣವಾದ ಎನ್‌ಫೀಲ್ಡ್ ಬಂದೂಕಿನ ಹೆಸರನ್ನು ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಅದು ಬಾಯಿಯಿಂದ ಮದ್ದು ತುಂಬುವ ಬಂದೂಕು. ನಿಮಿಷಕ್ಕೆ ಎರಡು ಮೂರು ಗುಂಡು ಹಾರಿಸಿದರೆ ಹೆಚ್ಚು. ಹಿಂಬದಿಯಿಂದ ತುಂಬುವ ಬಂದೂಕುಗಳು ಯುರೋಪಿನಲ್ಲಿ ಬಳಕೆಗೆ ಬಂದಾಗ, ಇಂಗ್ಲೆಂಡಿನ ಉಗ್ರಾಣಗಳಲ್ಲಿ ಹಳೆಯವು ಲಕ್ಷಗಟ್ಟಲೆ ಬಿದ್ದಿದ್ದವು. ಎಸೆಯಲು ಮನಸ್ಸು ಬಾರದು, ಇಟ್ಟುಕೊಂಡರೆ ಕೆಲಸಕ್ಕೆ ಬಾರದು. ಆಗ ಜೇಕಬ್ ಸ್ನೈಡರ್ ಎಂಬ ಅಮೆರಿಕದವನ ಉಪಾಯವನ್ನು ಸ್ವೀಕರಿಸಿದರು. ನಳಿಗೆಯ ಹಿಂಭಾಗವನ್ನು ಕತ್ತರಿಸಿ, ಅಲ್ಲಿ ಪಕ್ಕಕ್ಕೆ ತೆರೆಯುವ ಒಂದು ಮುಚ್ಚಳವನ್ನು ಕೂರಿಸಿದರು. ೧೮೬೬ರಲ್ಲಿ ಸೈನ್ಯವು ಒಪ್ಪಿದ ಈ ರಿಪೇರಿಯಿಂದ ಅದೇ ಬಂದೂಕು ನಿಮಿಷಕ್ಕೆ ಹತ್ತು ಗುಂಡುಗಳನ್ನು ಹಾರಿಸತೊಡಗಿತು. ಆದರೆ ನಳಿಗೆ ಹಳೆಯದೇ, ಗುಂಡು ದಪ್ಪನೆಯದೇ. ಐದೇ ವರ್ಷಗಳಲ್ಲಿ, ೧೮೭೧ರಲ್ಲಿ, ಮಾರ್ಟಿನಿ-ಹೆನ್ರಿ ಎಂಬ ಪೂರ್ತಿ ಹೊಸ ಬಂದೂಕನ್ನು ಅವರು ಆರಿಸಿಕೊಂಡರು. ಹಾಗೆಂದು ಸ್ನೈಡರನ ರಿಪೇರಿ ವ್ಯರ್ಥವಾಯಿತೆನ್ನಲಾಗದು. ಹೊಸದು ಸಿದ್ಧವಾಗುವವರೆಗೆ ಸೈನಿಕನ ಕೈ ಬರಿದಾಗದಂತೆ ಅದು ನೋಡಿಕೊಂಡಿತು. ತಾವು ಬಿಟ್ಟ ಸ್ನೈಡರುಗಳನ್ನು ಬಿಳಿಯರು ಮುಂದೆ ಭಾರತೀಯ ಸಿಪಾಯಿಗಳಿಗೆ ಕೊಟ್ಟರೆಂಬುದನ್ನೂ ಇಲ್ಲಿ ನೆನೆಯಬೇಕು. ಯಾರು ಹಳೆಯದನ್ನು ಹೊರಬೇಕು ಎಂಬುದು ಕೂಡ ಈ ಪ್ರಶ್ನೆಯ ಒಂದು ಭಾಗವೇ.

ಇದಕ್ಕೆ ಎದುರಾಗಿ ಫಿನ್ಲೆಂಡಿನ ಕಥೆಯಿದೆ. ರಶಿಯದ ಮಗ್ಗುಲಲ್ಲಿರುವ ಆ ಚಿಕ್ಕ ದೇಶವು ೧೯೧೭ರಲ್ಲಿ ಸ್ವತಂತ್ರವಾದಾಗ ಅದರ ಕೈಯಲ್ಲಿ ಉಳಿದದ್ದು ರಶಿಯದವರ ಮೊಸಿನ್-ನಾಗಾಂ ರೈಫಲುಗಳು. ಫಿನ್ನರು ಅವನ್ನು ಬಿಚ್ಚಿ ಪರೀಕ್ಷಿಸಿದರು. ಕಾಡತೂಸನ್ನು ಬಿಗಿದು ಹಿಡಿಯುವ ಹಿಂಬದಿಯ ಉಕ್ಕಿನ ಅಂಗ ಗಟ್ಟಿಯಾಗಿತ್ತು. ದೋಷವಿದ್ದದ್ದು ನಳಿಗೆಯಲ್ಲಿ, ಗುರಿನೋಟದಲ್ಲಿ, ಮರದ ಹಿಡಿಯಲ್ಲಿ. ಗಟ್ಟಿಯಿದ್ದುದನ್ನು ಉಳಿಸಿ, ಕೆಟ್ಟದ್ದನ್ನು ಮಾತ್ರ ಬದಲಿಸಿದರು. ಕಾಡತೂಸು ರಶಿಯದ್ದೇ ಆದುದರಿಂದ, ಶತ್ರುವಿನಿಂದ ವಶಪಡಿಸಿಕೊಂಡ ಮದ್ದುಗುಂಡೂ ತಮ್ಮ ಉಪಯೋಗಕ್ಕೆ ಬರುವಂತಿತ್ತು. ೧೯೩೯-೪೦ರ ಚಳಿಗಾಲದ ಯುದ್ಧದಲ್ಲಿ ತಮಗಿಂತ ಎಷ್ಟೋ ದೊಡ್ಡ ಸೈನ್ಯವನ್ನು ಅವರು ತಡೆದು ನಿಲ್ಲಿಸಿದಾಗ ಪದಾತಿಗಳ ಕೈಯಲ್ಲಿದ್ದದ್ದು ಬಹುಮಟ್ಟಿಗೆ ಇಂಥ ರೈಫಲುಗಳೇ. ಇಷ್ಟಕ್ಕೇ ಮುಗಿಯಲಿಲ್ಲ. ೧೯೮೦ರ ದಶಕದಲ್ಲಿ ಕೂಡ ಆ ಹಳೆಯ ಅಂಗಕ್ಕೇ ಹೊಸ ನಳಿಗೆ ಕೂರಿಸಿ ದೂರಗುರಿಕಾರರಿಗಾಗಿ ರೈಫಲ್ ಮಾಡಿಕೊಂಡರು. ಆದರೆ ಸಾಮಾನ್ಯ ಸೈನಿಕನಿಗೆ ಬೇಗಬೇಗನೆ ಗುಂಡು ಹಾರಿಸುವ ಆಯುಧ ಬೇಕೆಂದು ಕಂಡಾಗ ಮೊಸಿನ್ನಿನ ಮೋಹವನ್ನು ಬಿಟ್ಟು, ೧೯೬೨ರ ಮಾದರಿಯೆಂಬ ಬೇರೆ ರೈಫಲನ್ನೇ ತಂದರು. ಒಂದೇ ಹಳೆಯ ವಸ್ತುವನ್ನು ಒಂದು ಕೆಲಸಕ್ಕೆ ಸುಧಾರಿಸಿದರು, ಇನ್ನೊಂದು ಕೆಲಸಕ್ಕೆ ಕೈಬಿಟ್ಟರು.

೧೯೬೨ ಎಂದೊಡನೆ ಭಾರತೀಯರಾದ ನಮಗೆ ನೆನಪಾಗುವುದು ಬೇರೆಯೇ. ಆ ವರ್ಷದ ಅಕ್ಟೋಬರ್ ೨೦ರಂದು ಚೀನಾದ ಸೈನ್ಯವು ಹಿಮಾಲಯದ ಗಡಿಯಲ್ಲಿ ಮೇಲೆರಗಿದಾಗ ನಮ್ಮ ಪದಾತಿಗಳಲ್ಲಿ ಹೆಚ್ಚಿನವರ ಕೈಯಲ್ಲಿದ್ದದ್ದು .೩೦೩ ಲೀ-ಎನ್‌ಫೀಲ್ಡ್. ೧೯೦೭ರ ಮಾದರಿಯ ಮಕ್ಕಳು. ಕಾಲೇಜಿನ ಎನ್.ಸಿ.ಸಿ. ಕವಾಯತಿನಲ್ಲಿ ನಾವೂ ಆ ‘ಥ್ರೀ ನಾಟ್ ಥ್ರೀ’ಯನ್ನು ಹೊತ್ತು ಹೆಗಲು ನೋಯಿಸಿಕೊಂಡವರೇ. ಸುಮಾರು ನಾಲ್ಕು ಕಿಲೋ ತೂಕ, ಹತ್ತು ಗುಂಡುಗಳ ಮ್ಯಾಗಜೀನು. ನಂಬಿಕೆಗೆ ಅದನ್ನು ಮೀರಿಸಿದ ಬಂದೂಕು ವಿರಳ. ಆದರೆ ಪ್ರತಿ ಗುಂಡಿಗೊಮ್ಮೆ ಕೈಯಿಂದ ಬೋಲ್ಟನ್ನು ಎಳೆದು ದೂಡಬೇಕು. ಎದುರಾಳಿಯ ಕೈಯಲ್ಲಿಯೋ, ಕುದುರೆ ಒತ್ತಿದಷ್ಟು ಸಲ ತಾನಾಗಿ ಗುಂಡು ಹಾರಿಸುವ ಆಯುಧ.

ಆ ಯುದ್ಧದಲ್ಲಿದ್ದು ಮರಳಿದ ನಮ್ಮೂರಿನ ಹಿರಿಯರೊಬ್ಬರು, ಈಗ ಅವರಿಲ್ಲ, ಒಂದು ಸಂಜೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ನಮಗೆ ಹೇಳಿದ ಮಾತಿದು: “ಬಂದೂಕ ಖೊಟ್ಟಿ ಇರಲಿಲ್ರಿ ಗುರುಗಳೇ. ದಿನಾ ರಾತ್ರಿ ಕೂಸಿನ್ನ ಎರದಂಗ ಒರಸಿ ಇಡತಿದ್ದೆ. ಒಮ್ಮೆನೂ ಅದು ನನಗ ಮೋಸ ಮಾಡಲಿಲ್ಲ. ನಾ ಬೋಲ್ಟ ಎಳಿಯೂದರಾಗ ಬಾಜೂದಾಂವ ಬಿದ್ದಿದ್ದ.”

ಸೋಲಿಗೆ ಬಂದೂಕೊಂದೇ ಕಾರಣವಲ್ಲ. ದಾರಿಗಳಿರಲಿಲ್ಲ, ಚಳಿಗೆ ತಕ್ಕ ಬಟ್ಟೆಯಿರಲಿಲ್ಲ. ಆದರೂ ಆ ಹಿರಿಯರ ಮಾತಿನಲ್ಲಿ ನಮ್ಮ ಪ್ರಶ್ನೆಯ ಉತ್ತರ ಅರ್ಧದಷ್ಟು ಅಡಗಿದೆ. ಬಂದೂಕಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದರ ನಡೆಯೇ ಕಾಲಕ್ಕೆ ಸಾಲದಾಗಿತ್ತು. ನಡೆಯೇ ಸಾಲದಿದ್ದಾಗ ಎಣ್ಣೆಯಿಂದಲೂ ಹೊಸ ಹಿಡಿಯಿಂದಲೂ ಆಗುವುದೇನಿಲ್ಲ.

ಆಗ ನಮ್ಮವರು ಮಾಡಿದ ಕೆಲಸ ಮೆಚ್ಚತಕ್ಕದ್ದು. ಬೆಲ್ಜಿಯಂ ಮೂಲದ, ಇಪ್ಪತ್ತು ಗುಂಡುಗಳ ಅರೆಸ್ವಯಂಚಾಲಿತ ರೈಫಲನ್ನು, ನಮ್ಮ ಹುಡುಗರು ಎಸ್.ಎಲ್.ಆರ್. ಎಂದು ಕರೆದದ್ದನ್ನು, ಬಂಗಾಳದ ಇಛಾಪುರ ಕಾರ್ಖಾನೆಯಲ್ಲಿ ತಯಾರಿಸತೊಡಗಿದರು. ಆದರೆ ಲಕ್ಷಾಂತರ ಕೈಗಳಿಗೆ ಅದು ಒಂದೇ ವರ್ಷದಲ್ಲಿ ತಲಪುವಂತಿರಲಿಲ್ಲ. ಆದ್ದರಿಂದ ಅದೇ ಕಾರ್ಖಾನೆಯಲ್ಲಿ ಹಳೆಯ ಲೀ-ಎನ್‌ಫೀಲ್ಡಿನ ಅಚ್ಚನ್ನೇ ಇಟ್ಟುಕೊಂಡು, ಇನ್ನೂ ಗಟ್ಟಿಯಾದ ಉಕ್ಕಿನಿಂದ, ಹೊಸ ರೈಫಲಿನ ೭.೬೨ ಮಿಲಿಮೀಟರ್ ಕಾಡತೂಸನ್ನೇ ಹಾರಿಸುವ ಬಂದೂಕನ್ನು ಮಾಡಿದರು. ಅದಕ್ಕೆ ೨ಎ ಎಂದು ಹೆಸರು, ಹನ್ನೆರಡು ಗುಂಡುಗಳ ಮ್ಯಾಗಜೀನು. ಮುಂದಿನ ಮಾದರಿಯಲ್ಲಿ ಗುರಿನೋಟದ ಅಳತೆಯನ್ನು ೨೦೦೦ದಿಂದ ೮೦೦ ಮೀಟರಿಗೆ ಇಳಿಸಿದರು. ಬರಿಗಣ್ಣಿಗೆ ಕಾಣದಷ್ಟು ದೂರದ ಹೆಮ್ಮೆ ಯಾತಕ್ಕೆ? ಹೀಗೆ ಹಳೆಯದೂ ಹೊಸದೂ ಒಂದೇ ಗುಂಡನ್ನು ಉಂಡವು. ಹೊಸದು ಸಾಕಷ್ಟಾದ ಮೇಲೆ, ೧೯೭೦ರ ದಶಕದ ನಡುವೆ, ೨ಎ ತಯಾರಿಕೆ ನಿಂತಿತು.

ಆದರೆ ಎಲ್ಲರಿಗೂ ಈ ಭಾಗ್ಯ ದೊರೆಯಲಿಲ್ಲ. ೨೦೦೮ರ ನವೆಂಬರ್ ೨೬ರ ರಾತ್ರಿ ಮುಂಬಯಿಯ ಛತ್ರಪತಿ ಶಿವಾಜಿ ರೈಲು ನಿಲ್ದಾಣದಲ್ಲಿ ಏ.ಕೆ. ರೈಫಲುಗಳ ಎದುರು ನಿಂತ ಪೋಲೀಸರಲ್ಲಿ ಕೆಲವರ ಕೈಯಲ್ಲಿ ಆಗಲೂ .೩೦೩ ಇತ್ತು. ಉತ್ತರ ಪ್ರದೇಶದ ಪೋಲೀಸರು ಅದಕ್ಕೆ ವಿದಾಯ ಹೇಳಿದ್ದು ೨೦೨೦ರ ಗಣರಾಜ್ಯ ದಿನದಂದು.

ಇನ್ನು ನಮ್ಮ ಸೈನಿಕನು ಮರಳಿಸಿದ ಇನ್ಸಾಸ್. ಪುಣೆಯ ಸಂಶೋಧನಾಲಯದಲ್ಲಿ ರೂಪುಗೊಂಡು ೧೯೯೦ರ ದಶಕದಲ್ಲಿ ಸೈನ್ಯಕ್ಕೆ ಬಂದ ಈ ರೈಫಲು ೫.೫೬ ಮಿಲಿಮೀಟರಿನ ಚಿಕ್ಕ ಗುಂಡಿನದು. ೧೯೯೯ರ ಕಾರ್ಗಿಲ್ ಯುದ್ಧದ ಚಳಿಯಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಜೀನು ಬಿರುಕು ಬಿಟ್ಟ ದೂರುಗಳು ಬಂದವು. ಮ್ಯಾಗಜೀನು ರೆಂಬೆ, ಬೇರಲ್ಲ. ಅದನ್ನು ಸುಧಾರಿಸಬಹುದು, ಸುಧಾರಿಸುವ ಯತ್ನಗಳೂ ನಡೆದವು. ಆದರೆ ಸೈನ್ಯಕ್ಕೆ ಗುಂಡಿನ ಪೆಟ್ಟೇ ಹೆಚ್ಚು ಭಾರದ್ದು ಬೇಕೆನಿಸಿದಾಗ ಪ್ರಶ್ನೆ ಬೇರಿಗೆ ಇಳಿಯಿತು. ಗಡಿಯ ಮುಂಚೂಣಿಗಾಗಿ ೨೦೧೯ರ ಫೆಬ್ರುವರಿಯಲ್ಲಿ ಅಮೆರಿಕದಿಂದ ೭೨,೪೦೦ ಸಿಗ್ ರೈಫಲುಗಳ ಖರೀದಿಗೆ ಕರಾರಾಯಿತು. ೨೦೨೧ರ ಡಿಸೆಂಬರಿನಲ್ಲಿ, ಅಮೇಠಿಯ ಕೋರ್ವಾದಲ್ಲಿ ರಶಿಯದ ಸಹಯೋಗದಿಂದ ಆರು ಲಕ್ಷಕ್ಕೂ ಹೆಚ್ಚು ಏ.ಕೆ.-೨೦೩ ತಯಾರಿಸುವ ಕರಾರಾಯಿತು. ಇನ್ಸಾಸಿನ ಗುಂಡು ಒಂದು ಬಗೆ, ಸಿಗ್‌ನದು ಇನ್ನೊಂದು, ಏ.ಕೆ.ಯದು ಮತ್ತೊಂದು. ಬದಲಾವಣೆಯ ಬೆಲೆಯೆಂದರೆ ಇದು. ಬಂದೂಕಿನೊಡನೆ ಕಾಡತೂಸು, ಬಿಡಿಭಾಗ, ಕೈಯ ಅಭ್ಯಾಸ ಎಲ್ಲವೂ ಬದಲಾಗುತ್ತವೆ.

ಇಷ್ಟು ಓದಿದ ಮೇಲೆ ನಮಗೆ ಮೂರು ಪ್ರಶ್ನೆಗಳು ದಕ್ಕಿದವು. ದೋಷವು ಬೇರಿನಲ್ಲಿದೆಯೇ, ರೆಂಬೆಯಲ್ಲಿದೆಯೇ? ಬದಲಿಸಿದರೆ ಅದರೊಡನೆ ಇನ್ನೇನೇನು ಬದಲಾಗಬೇಕು? ಹೊಸದು ಕೈಸೇರುವವರೆಗೆ ಕೈಯಲ್ಲಿ ಏನಿರುತ್ತದೆ?

ಈ ಮೂರನ್ನು ನಾವು ಮಕ್ಕಳಿಗೆ ಹೇಳಬೇಕೆಂದಿದ್ದೆವು. ಅಷ್ಟರಲ್ಲಿ ಅವು ನಮ್ಮ ಮೇಜಿಗೇ ಬಂದವು. ಕಳೆದ ವಾರ, ಅಂದು ಪ್ರಶ್ನೆ ಕೇಳಿದ ಹುಡುಗನ ತಂದೆ ಬಂದು, “ಗುರುಗಳೇ, ಜೂನಿನಿಂದ ಮಗನ್ನ ತಾಲೂಕಿನ ಇಂಗ್ಲಿಷ್ ಶಾಲೆಗೆ ಹಾಕತೀನಿ. ದಾಖಲಾ ಕೊಡ್ರಿ” ಎಂದರು. ನಮ್ಮದು ಕನ್ನಡ ಶಾಲೆ, ಪಟದ ಮೇಲೆ ಈಗ ೪೬ ಮಕ್ಕಳು. ದಾಖಲೆ ತಂದೆಯ ಹಕ್ಕು, ಕೊಡುವುದಿಲ್ಲವೆನ್ನಲು ನಾವು ಯಾರು? ಆದರೆ ಆ ಮೂರು ಪ್ರಶ್ನೆಗಳನ್ನು ಅವರ ಮುಂದಿಟ್ಟೆವು. ಕೊರತೆ ಕನ್ನಡದಲ್ಲಿದೆಯೇ, ಅಥವಾ ಎರಡು ವರ್ಷಗಳಿಂದ ಗಣಿತಕ್ಕೆ ಶಿಕ್ಷಕರಿಲ್ಲದಿರುವುದರಲ್ಲಿ, ನಾವು ಇಂಗ್ಲಿಷನ್ನು ಇನ್ನೂ ಚೆನ್ನಾಗಿ ಕಲಿಸದಿರುವುದರಲ್ಲಿದೆಯೇ? ಹುಡುಗನು ಯೋಚಿಸುವ ಮಾತೇ ಬದಲಾದರೆ ಮನೆಯಲ್ಲಿ ಅವನ ಪಾಠ ಕೇಳುವವರು ಯಾರು? ಆ ಹೊಸ ಮಾತು ಅವನಿಗೆ ಒಗ್ಗುವ ಎರಡು ಮೂರು ವರ್ಷ ಅವನ ಕೈಯಲ್ಲಿ ಏನಿರುತ್ತದೆ?

ಇನ್ನೊಂದು ಮಾತನ್ನೂ ನಾವು ಪ್ರಾಮಾಣಿಕವಾಗಿ ಹೇಳಿದೆವು. ಹಳೆಯದರ ಮೇಲಿನ ಮೋಹದಿಂದ ಮಕ್ಕಳ ಕೈಗೆ ‘ಥ್ರೀ ನಾಟ್ ಥ್ರೀ’ ಕೊಟ್ಟು ಕಳಿಸುವುದಾದರೆ ನಾವೂ ಅಪರಾಧಿಗಳೇ. ಗಟ್ಟಿಯಿದ್ದುದನ್ನು ಉಳಿಸಿಕೊಂಡು ನಳಿಗೆ ಬದಲಿಸುವ ಕೆಲಸ ನಮ್ಮದು, ಅದನ್ನು ನಾವು ತಡಮಾಡಿದ್ದೇವೆ. ಗಣಿತ ಮತ್ತು ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿ ಕಲಿಸುವ ಸೆಮಿ ಇಂಗ್ಲಿಷ್ ವಿಷಯವನ್ನು ಈ ತಿಂಗಳ ಶಾಲಾ ಸಮಿತಿಯ ಸಭೆಗೆ ತರಲಿದ್ದೇವೆ. ಬೆಳಗಿನ ಒಂದು ತಾಸು ಇಂಗ್ಲಿಷಿಗಾಗಿ ನಾವೇ ಹೆಚ್ಚು ಕೂರಲಿದ್ದೇವೆ.

ಅವರು ಬಹಳ ಹೊತ್ತು ಸುಮ್ಮನಿದ್ದು, “ವಿಚಾರ ಮಾಡಿ ಬರತೀನ್ರಿ” ಎಂದು ಎದ್ದು ಹೋದರು. ದಾಖಲೆಯನ್ನು ಬರೆದು, ಸಹಿ ಮಾಡದೆ, ಕಪಾಟಿನಲ್ಲಿಟ್ಟಿದ್ದೇವೆ. ಶಾಲೆ ತೆರೆಯಲು ಇನ್ನೂ ಮೂರು ವಾರಗಳಿವೆ.