ಜರ್ಮನ್ ಕೀಲಿಮಣೆಯಲ್ಲಿ ನಮ್ಮ ‘ಯ’ ಎಲ್ಲಿದೆ?



ನಮ್ಮ ಕನ್ನಡ ತರಗತಿಯಲ್ಲಿ ಈಚೆಗೆ ಒಂಬತ್ತು ವರ್ಷದ ಬಾಲಕಿಯೊಬ್ಬಳು ಲ್ಯಾಪ್‌ಟಾಪಿನಲ್ಲಿ ‘ಯಾಕೆ’ ಎಂದು ಬರೆಯಲು ಹೊರಟಳು. ತೆರೆಯ ಮೇಲೆ ಮೂಡಿದ್ದು ‘ಞಾಕೆ’. ವರ್ಣಮಾಲೆಯ ಪಟದ ಹೊರಗೆ ಎಂದೂ ಕಾಣಸಿಗದ ಆ ಅಕ್ಷರವನ್ನು ನೋಡಿ ಮಕ್ಕಳೆಲ್ಲ ನಕ್ಕರು. ಆಕೆ ಮತ್ತೆ ಪ್ರಯತ್ನಿಸಿದಳು, ಮತ್ತೆ ಞ. ಮೂರನೆಯ ಬಾರಿಗೆ ಕನ್ನಡವನ್ನು ಕೈಬಿಟ್ಟು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಮುಗಿಸಿದಳು.

ತಪ್ಪು ಆಕೆಯದಲ್ಲ. ನಾವು ಅಳವಡಿಸಿಕೊಂಡಿದ್ದದ್ದು ಕೆ. ಪಿ. ರಾವ್ ವಿನ್ಯಾಸ. ಅದರಲ್ಲಿ ಇಂಗ್ಲಿಷಿನ ‘ವೈ’ ಕೀಲಿಗೆ ಯ, ‘ಝೆಡ್’ ಕೀಲಿಗೆ ಞ. ಜರ್ಮನಿಯಲ್ಲಿ ಮಾರಾಟವಾಗುವ ಕೀಲಿಮಣೆಗಳಲ್ಲಿ ಈ ಎರಡು ಅಕ್ಷರಗಳು ಪರಸ್ಪರ ಸ್ಥಳ ಬದಲಿಸಿಕೊಂಡಿವೆ. ನಮ್ಮ ತಂತ್ರಾಂಶವಾದರೋ ಕೀಲಿಯ ಮೇಲೆ ಏನು ಮುದ್ರಿತವಾಗಿದೆ ಎಂಬುದನ್ನು ನೋಡದೆ, ಕೀಲಿಯ ಸ್ಥಾನವನ್ನಷ್ಟೇ ಗಮನಿಸುತ್ತಿತ್ತು. ಹಿರಿಯರಾದ ನಾವು ಇಂಥದ್ದಕ್ಕೆ ಹೊಂದಿಕೊಂಡು ಬಿಡುತ್ತೇವೆ. ಮಕ್ಕಳು ಹೊಂದಿಕೊಳ್ಳುವುದಿಲ್ಲ, ಬಿಟ್ಟುಬಿಡುತ್ತಾರೆ. ಕೀಲಿಮಣೆಯ ವಿನ್ಯಾಸವನ್ನು ತಿದ್ದಿಕೊಳ್ಳುವುದು ನಮ್ಮ ಸಂಘದ ಕೆಲಸವೂ ಹೌದು ಎಂದು ನಾನು ವಾದಿಸುತ್ತಿರುವುದು ಈ ಕಾರಣಕ್ಕೆ.

ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆದರೆ ಏನು ನಷ್ಟ ಎಂದು ಕೇಳುವವರಿದ್ದಾರೆ. ವೈದ್ಯನಾಗಿ ನಾನು ಕಂಡದ್ದನ್ನು ಹೇಳುತ್ತೇನೆ. ಮಗನ ಮನೆಗೆ ಬಂದಿದ್ದ ತಾಯಿಯೊಬ್ಬರಿಗೆ ಥೈರಾಯಿಡ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧ ಗಂಟೆಯಾದರೂ ಮುಂಚೆ ತೆಗೆದುಕೊಳ್ಳಬೇಕೆಂಬ ಸೂಚನೆ ಇತ್ತು. ಮಗ ಕಚೇರಿಗೆ ಹೊರಡುವ ಅವಸರದಲ್ಲಿಯೂ ಎಲ್ಲವನ್ನೂ ಅಚ್ಚುಕಟ್ಟಾಗಿ ಟೈಪು ಮಾಡಿ ಅಡುಗೆಮನೆಯಲ್ಲಿ ಅಂಟಿಸಿದ್ದರು. ಭಾಷೆ ಕನ್ನಡ, ಲಿಪಿ ಇಂಗ್ಲಿಷ್. ಕನ್ನಡದ ಕಾದಂಬರಿಗಳನ್ನು ಒಂದೇ ಪಟ್ಟಿಗೆ ಕೂತು ಓದುವ ಆ ತಾಯಿಗೆ ಆ ಹಾಳೆಯನ್ನು ಓದಲಾಗಲಿಲ್ಲ. ಸೊಸೆಯನ್ನು ಕೇಳಲು ಸಂಕೋಚ. ವಾರಗಟ್ಟಲೆ ಕಾಫಿಯ ಜೊತೆಗೇ ಮಾತ್ರೆ ನುಂಗಿದರು. ಕಾಫಿ, ಆಹಾರಗಳ ಜೊತೆ ಸೇವಿಸಿದಾಗ ಆ ಔಷಧವು ದೇಹಕ್ಕೆ ಸರಿಯಾಗಿ ದಕ್ಕುವುದಿಲ್ಲ. ಮಗನಿಗೆ ಕನ್ನಡ ಬರೆಯಲು ಬಾರದೇ? ಚೆನ್ನಾಗಿ ಬರುತ್ತದೆ, ಕೈಯಲ್ಲಿ. ಗಣಕದಲ್ಲಿ ಮಾತ್ರ ಬಾರದು.

ಫೋನಿನಲ್ಲಿ ಇಂಗ್ಲಿಷ್ ಕಾಗುಣಿತ ಒತ್ತಿದರೆ ಕನ್ನಡ ತಾನೇ ಬರುತ್ತದಲ್ಲ ಎಂಬುದು ಇನ್ನೊಂದು ವಾದ. ಬರುತ್ತದೆ, ಅವಸರದ ಸಂದೇಶಕ್ಕೆ ಅದು ಸಾಕು. ಆದರೆ ಅಲ್ಲಿ ಕಾಲು ಬೇಕೋ ಕಾಳು ಬೇಕೋ, ಹಾಲೋ ಹಾಳೋ ಎಂಬುದನ್ನು ಬಹುಮಟ್ಟಿಗೆ ಯಂತ್ರವೇ ಊಹಿಸಿ ಮುಂದಿಡುತ್ತದೆ. ಕಲಿಯುವ ಮಗು ಆರಿಸಬೇಕಾದದ್ದನ್ನು ಯಂತ್ರ ಆರಿಸಿದರೆ ಲ, ಳಗಳ ಭೇದ ಮಗುವಿಗೆ ದಕ್ಕುವುದೆಂತು? ಕಿನ್ನಿಕಂಬಳ ಪದ್ಮನಾಭ ರಾಯರ ವಿನ್ಯಾಸದಲ್ಲಿ ‘ಕನ್ನಡ’ ಎಂದು ಬರೆಯಲು ಐದು ಕೀಲಿಗಳು: ಕ, ನ, ಒತ್ತಕ್ಷರಕ್ಕೆ ಜೋಡಿಸುವ ‘ಎಫ್’, ಮತ್ತೊಂದು ನ, ಕೊನೆಗೆ ಡ. ಅಕ್ಷರವನ್ನು ನಮ್ಮ ಮೇಷ್ಟ್ರು ಬಿಡಿಸಿ ಹೇಳಿಕೊಡುತ್ತಿದ್ದ ಕ್ರಮವೇ ಇದು. ಟ, ಡಗಳು ‘ಕ್ಯೂ’, ‘ಡಬ್ಲ್ಯು’ ಕೀಲಿಗಳಲ್ಲಿ ಅಡಗಿರುವುದನ್ನು ಬಾಯಿಪಾಠ ಮಾಡಬೇಕೆಂಬುದು ನಿಜ. ಒಂದು ವಾರದ ತೊಂದರೆ, ಅಷ್ಟೆ.

ಇನ್ನು ತಿದ್ದುವ ಬಗೆ. ಮೊದಲು ನಾನು ಹಿಡಿದದ್ದು ಮೈಕ್ರೋಸಾಫ್ಟಿನ ಕೀಬೋರ್ಡ್ ಲೇಔಟ್ ಕ್ರಿಯೇಟರ್ ಎಂಬ ಉಚಿತ ತಂತ್ರಾಂಶವನ್ನು. ಇರುವ ವಿನ್ಯಾಸವೊಂದನ್ನು ತೆರೆದು, ಚಿತ್ರದಲ್ಲಿನ ಕೀಲಿಯ ಮೇಲೆ ಕ್ಲಿಕ್ ಮಾಡಿ, ಬೇಕಾದ ಅಕ್ಷರ ತುಂಬಿ, ಕೊನೆಗೆ ಅನುಸ್ಥಾಪನೆಯ ಕಡತವನ್ನು ಪಡೆಯಬಹುದು. ಒಂದು ಕೀಲಿಗೆ ಒಂದು ಚಿಹ್ನೆ ಎಂಬ ನಿಯಮದ ಇನ್‌ಸ್ಕ್ರಿಪ್ಟಿಗೆ ಇದು ಧಾರಾಳವಾಗಿ ಸಾಕು. ರಾಯರ ವಿನ್ಯಾಸದಲ್ಲಿ ಮಾತ್ರ ಎಡವಿದೆ. ಅಲ್ಲಿ ‘ಐ’ ಕೀಲಿ ಪದದ ಆರಂಭದಲ್ಲಿ ‘ಇ’ ಆಗಬೇಕು, ವ್ಯಂಜನದ ಬಳಿಕ ಗುಡಿಸು ಆಗಬೇಕು. ಹಿಂದಿನ ಅಕ್ಷರ ಯಾವುದೆಂದು ನೋಡಿ ನಿರ್ಧರಿಸುವ ಶಕ್ತಿ ಈ ತಂತ್ರಾಂಶಕ್ಕಿಲ್ಲ. ಕೀಮ್ಯಾನ್ ಡೆವಲಪರಿಗೆ ಇದೆ. ಅದೂ ಉಚಿತ. ಅದರಲ್ಲಿ ಸಾಲುಸಾಲಾಗಿ ನಿಯಮಗಳನ್ನು ಬರೆಯಬೇಕು: ವ್ಯಂಜನವಿದ್ದು ಈ ಕೀಲಿ ಒತ್ತಿದರೆ ಈ ಸ್ವರಚಿಹ್ನೆ, ಇಲ್ಲದಿದ್ದರೆ ಪೂರ್ಣ ಸ್ವರ. ಪ್ರೋಗ್ರಾಮಿಂಗ್ ಅರಿಯದ ನನಗೆ ಎರಡು ವಾರಾಂತ್ಯಗಳು ಬೇಕಾದವು. ನಮ್ಮಲ್ಲಿರುವ ಎಂಜಿನಿಯರುಗಳಿಗೆ ಒಂದು ಸಂಜೆ ಸಾಕು.

ಯ, ಞಗಳನ್ನು ಅದಲುಬದಲು ಮಾಡಿದೆ. ಜೊತೆಗೆ ಇನ್ನೆರಡು ತಿದ್ದುಪಡಿ. ಜರ್ಮನ್ ಉಮ್ಲೌಟ್ ಸ್ವರಗಳ ಕೀಲಿಗಳು ಕನ್ನಡಕ್ಕೆ ಬೇಕಿಲ್ಲ. ಅವುಗಳಲ್ಲಿ ಒಂದಕ್ಕೆ ಒತ್ತಕ್ಷರವಾಗದಂತೆ ತಡೆಯುವ ಅದೃಶ್ಯ ಚಿಹ್ನೆಯನ್ನು ಕೊಟ್ಟೆ. ಅದಿಲ್ಲದೆ ‘ಎಕ್ಸ್‌ರೇ’ ಎಂಬುದು ‘ಎಕ್ಸ್ರೇ’ ಆಗಿ ಓದುಗರ ನಾಲಿಗೆ ಹೊರಳುತ್ತದೆ. ಇನ್ನೊಂದಕ್ಕೆ ‘ಫ಼’ ಬರೆಯಲು ಬೇಕಾದ ಕೆಳಚುಕ್ಕಿ.

ಅಲ್ಲಿಗೆ ನಿಲ್ಲಿಸಿದೆ. ಉತ್ಸಾಹದಲ್ಲಿ ಟ, ಡಗಳನ್ನೂ ‘ಸುಲಭ’ದ ಕಡೆಗೆ ಸರಿಸುವ ಆಸೆಯಾಗಿತ್ತು. ಹಾಗೆ ಮನೆಗೊಂದು ವಿನ್ಯಾಸವಾದರೆ, ನಮ್ಮ ಮಗು ಬೆಂಗಳೂರಿನ ಅಜ್ಜನ ಗಣಕದ ಮುಂದೆ ಕುಳಿತಾಗ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ರೋಗಿಯ ತೂಕಕ್ಕೆ ತಕ್ಕಂತೆ ಔಷಧದ ಪ್ರಮಾಣವನ್ನು ಹೊಂದಿಸುತ್ತೇವೆಯೇ ಹೊರತು, ಪ್ರತಿ ರೋಗಿಗೂ ಹೊಸ ಔಷಧ ಕಂಡುಹಿಡಿಯುವುದಿಲ್ಲ. ಈ ದೇಶದ ಕೀಲಿಮಣೆ ಬೇಡುವಷ್ಟನ್ನು ಮಾತ್ರ ಬದಲಿಸಿ, ಆ ಒಂದೇ ಕಡತವನ್ನು ಎಲ್ಲ ಸದಸ್ಯರ ಮನೆಗಳಲ್ಲೂ ಬಳಸೋಣ ಎಂಬುದು ನನ್ನ ಸೂಚನೆ. ಸಂಘದ ಹೆಸರಿನಲ್ಲಿ ಅದನ್ನು ಕಾಯ್ದುಕೊಳ್ಳಲು ಒಬ್ಬರು ಮುಂದೆ ಬಂದರೆ ಕಡತವನ್ನು ಈ ವಾರವೇ ಒಪ್ಪಿಸುತ್ತೇನೆ. ನನ್ನ ನಿಯಮಗಳಲ್ಲಿ ದೋಷಗಳಿರಬಹುದು, ದಯವಿಟ್ಟು ತಿದ್ದಿ.

ಮುಂದಿನ ತರಗತಿಗೆ ಮಕ್ಕಳ ಜೊತೆ ಲ್ಯಾಪ್‌ಟಾಪನ್ನೂ ಕಳುಹಿಸಿ. ಊರಿನಿಂದ ಬಂದ ಹಿರಿಯರಿದ್ದರೆ ಅವರ ಮಾತ್ರೆಗಳ ಪಟ್ಟಿಯನ್ನೂ ತನ್ನಿ. ಮಕ್ಕಳ ಮೊದಲ ಟೈಪಿಂಗ್ ಪಾಠ ಅದೇ ಆಗಲಿ, ತಪ್ಪುಗಳನ್ನು ನಾನು ನೋಡಿಕೊಳ್ಳುತ್ತೇನೆ.