ಕಾವಲು ಹಡಗಿನ ಎರಡನೇ ಜನ್ಮ

ಜಪಾನ್ ದ್ವೀಪಗಳ ದೇಶ. ತೈಲ, ಅದಿರು ಎಲ್ಲವೂ ಕಡಲ ದಾರಿಯಲ್ಲೇ ಬರಬೇಕು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಜಲಾಂತರ್ಗಾಮಿಗಳು ಅದರ ಸರಕು ಹಡಗುಗಳನ್ನು ಒಂದೊಂದಾಗಿ ಮುಳುಗಿಸತೊಡಗಿದವು. ಆಗ ಬೆಂಗಾವಲಿಗೆಂದು ತರಾತುರಿಯಲ್ಲಿ ಕಟ್ಟಿದ ಸಣ್ಣ ಹಡಗುಗಳೇ ‘ಕೈಬೋಕಾನ್’. 1944ರಲ್ಲಿ ಸಿದ್ಧವಾದ ‘ಇಕುನಾ’ ಅವುಗಳಲ್ಲೊಂದು. ಉದ್ದ ಸುಮಾರು 79 ಮೀಟರ್. ನೀರಿನಾಳದಲ್ಲಿ ಸಿಡಿಯುವ ‘ಡೆಪ್ತ್ ಚಾರ್ಜ್’ ಅದರ ಮುಖ್ಯ ಅಸ್ತ್ರ. ಆದರೆ ಅಷ್ಟರಲ್ಲಿ ಕಾಲ ಮಿಂಚಿತ್ತು. ಕಾಯಬೇಕಾದ ಸರಕು ಹಡಗುಗಳಲ್ಲಿ ಬಹುಪಾಲು ಸಮುದ್ರದ ತಳ ಸೇರಿದ್ದವು.

1945ರಲ್ಲಿ ಯುದ್ಧ ಮುಗಿಯಿತು, ಇಕುನಾ ಉಳಿಯಿತು. ಫಿರಂಗಿ ಕಳಚಿದ ಆ ಹಡಗಿಗೆ ಹೊಸ ಕೆಲಸ ಸಿಕ್ಕಿತು: ಹವಾಮಾನ ವೀಕ್ಷಣೆ. ಉಪಗ್ರಹಗಳಿಲ್ಲದ ಕಾಲವದು. ನೆಲದ ಮೇಲೆ ವೀಕ್ಷಣಾಲಯ ಕಟ್ಟಬಹುದು, ನಡುಗಡಲಲ್ಲಿ ಕಟ್ಟುವುದು ಹೇಗೆ? ಹಡಗೇ ವೀಕ್ಷಣಾಲಯವಾಯಿತು. ಪೆಸಿಫಿಕ್ ಸಾಗರದ ಗೊತ್ತಾದ ಜಾಗದಲ್ಲಿ ನಿಂತು ಗಾಳಿಯ ವೇಗ, ವಾಯುಭಾರ, ನೀರಿನ ಉಷ್ಣತೆಗಳನ್ನು ಅಳೆದು ರೇಡಿಯೋ ಮೂಲಕ ದಡಕ್ಕೆ ತಿಳಿಸುವುದು ಅದರ ಕಾಯಕ. ವಾಯುಭಾರ ಸರ್ರನೆ ಕುಸಿದರೆ ಚಂಡಮಾರುತ ಹತ್ತಿರವಿದೆಯೆಂದೇ ಅರ್ಥ. ಮೊದಲೇ ಸುಳಿವು ಸಿಕ್ಕರೆ ಮೀನುಗಾರರ ಜೀವ ಉಳಿಯುತ್ತದೆ.

1960ರಲ್ಲಿ ಮೊದಲ ಹವಾಮಾನ ಉಪಗ್ರಹ ‘ಟೈರೋಸ್-1’ ಆಕಾಶಕ್ಕೇರಿತು. ‘ಒಜಿಕಾ’ ಎಂಬ ಹೊಸ ಹೆಸರಿನಲ್ಲಿ ದುಡಿಯುತ್ತಿದ್ದ ಇಕುನಾ 1963ರಲ್ಲಿ ನಿವೃತ್ತವಾಯಿತು. ಯುದ್ಧದಲ್ಲಿ ಅದು ಕಾವಲು ನಿಂತದ್ದು ಒಂದು ವರ್ಷವೂ ಇಲ್ಲ. ಶಾಂತಿಯಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು!