ವೇಗ ಕೇಳುವವರು ತೂಕವನ್ನೂ ಕೇಳಲಿ

ಸಿಇಟಿ ಸೀಟು ಹಂಚಿಕೆ ಮುಗಿಯುತ್ತಿದ್ದಂತೆ ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಹಿಡಿದು ಜಿಲ್ಲಾ ಕೇಂದ್ರಗಳ ಕಂಪ್ಯೂಟರ್ ಅಂಗಡಿಗಳವರೆಗೆ ಲ್ಯಾಪ್‌ಟಾಪ್ ಕೊಳ್ಳುವವರ ಓಡಾಟ ಶುರುವಾಗುತ್ತದೆ. ಕೌಂಟರ್ ಮುಂದೆ ಕೇಳಿಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಐ5 ಸಾಕಾ, ಐ7 ಬೇಕಾ? ರ‍್ಯಾಮ್ ಎಷ್ಟು ಜಿಬಿ? ಗ್ರಾಫಿಕ್ಸ್ ಕಾರ್ಡ್ ಇದೆಯಾ? ನಾಲ್ಕು ವರ್ಷ ಬಾಳಿಕೆ ಬರಲಿ ಎಂಬ ಆಸೆಯಿಂದ, ಕೈಯಲ್ಲಿರುವ ಹಣಕ್ಕೆ ಸಿಗುವ ಅತಿ ವೇಗದ ಯಂತ್ರವನ್ನೇ ಕೊಡಿಸಬೇಕೆನ್ನುವುದು ಹೆತ್ತವರ ಮನಸ್ಸು. ಕೆಲವರು ಅದಕ್ಕಾಗಿ ಇಎಂಐ ಹೊರೆಯನ್ನೂ ಹೊರುತ್ತಾರೆ. ಆದರೆ ಆ ಯಂತ್ರ ಎಷ್ಟು ತೂಗುತ್ತದೆ, ಚಾರ್ಜರ್ ಇಲ್ಲದೆ ಎಷ್ಟು ಹೊತ್ತು ನಡೆಯುತ್ತದೆ ಎಂದು ಕೇಳುವವರು ಅಪರೂಪ.

ಮೊದಲು ಕೇಳಬೇಕಾದದ್ದೇ ಅದನ್ನು.

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೆಚ್ಚಾಗಿ ಕೊಳ್ಳುವ 15 ಇಂಚಿನ ಗೇಮಿಂಗ್ ಲ್ಯಾಪ್‌ಟಾಪ್‌ಗಳನ್ನೇ ನೋಡಿ. ಎಚ್‌ಪಿ ವಿಕ್ಟಸ್ 15 ಸುಮಾರು 2.3 ಕೆಜಿ, ಲೆನೊವೊ ಲಾಕ್ 15 ಸುಮಾರು 2.4 ಕೆಜಿ ತೂಗುತ್ತವೆ. ಜೊತೆಗೆ ಬರುವ ದಪ್ಪ ಅಡಾಪ್ಟರ್ ಮತ್ತು ವೈರು ಸೇರಿದರೆ ಮೂರು ಕೆಜಿ ಹತ್ತಿರವಾಗುತ್ತದೆ. ಶಾಲಾ ಮಗುವಿನ ಚೀಲ ಅದರ ಮೈತೂಕದ ಶೇ 10ನ್ನು ಮೀರಬಾರದೆಂದು ಕೇಂದ್ರದ 2020ರ ಶಾಲಾ ಚೀಲ ನೀತಿ ಹೇಳುತ್ತದೆ. ಕರ್ನಾಟಕ ಸರ್ಕಾರ 2019ರಲ್ಲೇ ತರಗತಿವಾರು ಮಿತಿ ಹಾಕಿ, ಒಂದು ಮತ್ತು ಎರಡನೇ ತರಗತಿಯವರಿಗೆ 2 ಕೆಜಿ, ಒಂಬತ್ತು ಮತ್ತು ಹತ್ತನೆಯವರಿಗೆ 5 ಕೆಜಿ ಗರಿಷ್ಠ ಎಂದಿತ್ತು. ಪಿಯುಸಿ ದಾಟಿದ ಮೇಲೆ ಬೆನ್ನು ಉಕ್ಕಿನದಾಗುವುದಿಲ್ಲ. 50 ಕೆಜಿ ತೂಕದ ವಿದ್ಯಾರ್ಥಿನಿಗೂ ಅದೇ ಲೆಕ್ಕ ಹಿಡಿದರೆ ಚೀಲಕ್ಕೆ ಸಿಗುವುದು ಐದು ಕೆಜಿ. ಅದರಲ್ಲಿ ಮೂರನ್ನು ಲ್ಯಾಪ್‌ಟಾಪೇ ನುಂಗುತ್ತದೆ, ಒಂದು ಲೀಟರ್ ನೀರಿನ ಬಾಟಲಿ ಇನ್ನೊಂದನ್ನು. ರೆಕಾರ್ಡ್ ಪುಸ್ತಕ, ಊಟದ ಡಬ್ಬಿ, ಛತ್ರಿ ಎಲ್ಲಕ್ಕೂ ಉಳಿಯುವುದು ಒಂದೇ ಕೆಜಿ. ಬೆಳಿಗ್ಗೆ ಎಂಟರ ಬಿಎಂಟಿಸಿ ಬಸ್ಸಿನಲ್ಲಿ ನಿಂತು ಪ್ರಯಾಣಿಸುವವರಿಗೆ ಈ ಲೆಕ್ಕವನ್ನು ಯಾರೂ ವಿವರಿಸಬೇಕಿಲ್ಲ.

ವೇಗಕ್ಕೂ ತೂಕಕ್ಕೂ ನಂಟು ಬೆಸೆಯುವುದು ಶಾಖ. ಚಿಪ್ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿ ಹೊರಬರಲೇಬೇಕು. 15 ವಾಟ್ ಬಿಸಿಯನ್ನು ಹೊರಹಾಕಲು ಒಂದು ಪುಟ್ಟ ಫ್ಯಾನ್ ಸಾಕು. ನೂರು ವಾಟ್ ದಾಟಿದರೆ ಎರಡು ದೊಡ್ಡ ಫ್ಯಾನ್, ತಾಮ್ರದ ಕೊಳವೆಗಳು, ಗಾಳಿಯಾಡಲು ದಪ್ಪ ಮೈ ಬೇಕು. ಇದರ ಹಿಂದೆ ಇನ್ನೊಂದು ಸಂಗತಿಯಿದೆ, ಕೊಳ್ಳುವವರಿಗೆ ಅದು ಬಹಳ ಉಪಯುಕ್ತ. ಚಿಪ್‌ನ ವೇಗ ಏರಿಸಲು ವೋಲ್ಟೇಜನ್ನೂ ಏರಿಸಬೇಕಾಗುತ್ತದೆ, ಮತ್ತು ಬಳಕೆಯಾಗುವ ವಿದ್ಯುತ್ತು ವೋಲ್ಟೇಜಿನ ವರ್ಗದಷ್ಟು ಹೆಚ್ಚುತ್ತದೆ. ಹಾಗಾಗಿ ಮೊದಲ ಮುಕ್ಕಾಲು ಪಾಲು ವೇಗ ಅಗ್ಗಕ್ಕೆ ಸಿಗುತ್ತದೆ. ಕೊನೆಯ ಪಾಲಿಗೆ ವಿದ್ಯುತ್ತು, ಬಿಸಿ, ಸದ್ದು, ತೂಕ ಎಲ್ಲವೂ ದುಬಾರಿ. ಅದೊಂದಿಷ್ಟನ್ನು ಬಿಟ್ಟುಕೊಡಲು ಒಪ್ಪಿದವರಿಗೆ ಒಂದು ಕೆಜಿ ಹಗುರವಾದ, ದುಪ್ಪಟ್ಟು ಹೊತ್ತು ಬ್ಯಾಟರಿ ಬರುವ ಯಂತ್ರ ಸಿಗಬಲ್ಲದು.

ಇದಕ್ಕೆ 2020ರ ನವೆಂಬರ್‌ನಲ್ಲಿ ಆ್ಯಪಲ್ ಒಳ್ಳೆಯ ಉದಾಹರಣೆಯನ್ನೇ ಒದಗಿಸಿತು. ಅದೇ ಎಂ1 ಚಿಪ್ಪನ್ನು ಮ್ಯಾಕ್‌ಬುಕ್ ಏರ್‌ನಲ್ಲೂ ಹಾಕಿತು, 13 ಇಂಚಿನ ಮ್ಯಾಕ್‌ಬುಕ್ ಪ್ರೊದಲ್ಲೂ ಹಾಕಿತು. 1.29 ಕೆಜಿಯ ಏರ್‌ನಲ್ಲಿ ಫ್ಯಾನೇ ಇಲ್ಲ, 1.4 ಕೆಜಿಯ ಪ್ರೊದಲ್ಲಿ ಇದೆ. ಬರೆಯುವುದು, ಬ್ರೌಸಿಂಗ್, ಚಿಕ್ಕ ಪ್ರೋಗ್ರಾಂ ಓಡಿಸುವುದು, ಫೋಟೊ ತಿದ್ದುವುದು ಇಂಥ ಕೆಲಸಗಳಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ದೀರ್ಘ ವಿಡಿಯೊವೊಂದನ್ನು ಎಕ್ಸ್‌ಪೋರ್ಟ್‌ಗೆ ಹಚ್ಚಿದಾಗ ಮಾತ್ರ ಏರ್ ಬಿಸಿಯೇರಿ ವೇಗ ತಗ್ಗಿಸಿಕೊಂಡಿತು, ಪ್ರೊ ಒಂದೇ ಸಮನೆ ಓಡಿತು. ಚಿಪ್ ಒಂದೇ ಆದರೂ ಅದರ ಶಕ್ತಿ ಎಷ್ಟು ಹೊತ್ತು ನಿಲ್ಲುತ್ತದೆಂಬುದನ್ನು ಅದು ಕುಳಿತ ಪೆಟ್ಟಿಗೆ ನಿರ್ಧರಿಸಿತು. ಇದೇ ಕಂಪನಿ 2018ರಲ್ಲಿ ತೆಳ್ಳನೆಯ ಮ್ಯಾಕ್‌ಬುಕ್ ಪ್ರೊಗೆ ಇಂಟೆಲ್‌ನ ಐ9 ತುರುಕಿದಾಗ ಅದು ಬಿಸಿಗೆ ತೀರಾ ನಿಧಾನವಾಗಿ, ಜುಲೈನಲ್ಲಿ ಸಾಫ್ಟ್‌ವೇರ್ ತಿದ್ದುಪಡಿ ಹೊರಡಿಸಿ ಸರಿಪಡಿಸಬೇಕಾಯಿತು.

ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಗೊಂದಲ ಇನ್ನೂ ಹೆಚ್ಚು. ಐ7 ಎಂದರೆ ಐ5ಕ್ಕಿಂತ ವೇಗ ಎಂದೇ ಎಲ್ಲರ ನಂಬಿಕೆ. ಇಂಟೆಲ್‌ನ ಐ7-1255ಯು ಚಿಪ್‌ನಲ್ಲಿ ದೊಡ್ಡ ಕೋರ್‌ಗಳು ಎರಡೇ, ಮೂಲ ವಿದ್ಯುತ್ ಮಟ್ಟ 15 ವಾಟ್. ಅದೇ ಪೀಳಿಗೆಯ ಐ5-12500ಎಚ್‌ನಲ್ಲಿ ದೊಡ್ಡ ಕೋರ್‌ಗಳು ನಾಲ್ಕು, ಮಟ್ಟ 45 ವಾಟ್. ದೀರ್ಘ, ಭಾರದ ಕೆಲಸದಲ್ಲಿ ಈ ಐ5 ಆ ಐ7ಅನ್ನು ಹಿಂದೆ ಹಾಕುತ್ತದೆ. ಹೆಸರಿನ ಕೊನೆಯ ಅಕ್ಷರವೇ ನಿಜ ಹೇಳುವುದು: ಯು ಇದ್ದರೆ ಮಿತವ್ಯಯ, ಎಚ್ ಇದ್ದರೆ ಬಲ. ಮುಂದಿನ ಅಂಕಿಯನ್ನು ದೊಡ್ಡದಾಗಿ ಅಚ್ಚು ಹಾಕುವ ಸ್ಟಿಕ್ಕರ್‌ನಲ್ಲಿ ಈ ಅಕ್ಷರ ಇರುವುದೇ ಇಲ್ಲ.

ಗ್ರಾಫಿಕ್ಸ್ ಕಾರ್ಡ್‌ನದೂ ಇದೇ ಕತೆ. ಎನ್‌ವಿಡಿಯಾ ತನ್ನ ಲ್ಯಾಪ್‌ಟಾಪ್ ಆರ್‌ಟಿಎಕ್ಸ್ 4060ಗೆ 35 ವಾಟ್‌ನಿಂದ 115 ವಾಟ್‌ವರೆಗೆ ಅವಕಾಶ ಕೊಟ್ಟಿದೆ. ಎಷ್ಟು ಕೊಡಬೇಕೆಂಬುದು ಲ್ಯಾಪ್‌ಟಾಪ್ ತಯಾರಕರ ಆಯ್ಕೆ. ಹೀಗೆ ಒಂದೇ ಹೆಸರಿನ ಎರಡು ಯಂತ್ರಗಳಿಗೆ ಅಜಗಜಾಂತರ ಇರಬಹುದು. ಗ್ರಾಹಕರ ಆಕ್ಷೇಪದ ಬಳಿಕ 2021ರಲ್ಲಿ ಈ ವಾಟ್ ಸಂಖ್ಯೆಯನ್ನು ಪ್ರಕಟಿಸಬೇಕೆಂದು ಎನ್‌ವಿಡಿಯಾ ತಯಾರಕರಿಗೆ ಹೇಳಿತು. ಕಂಪನಿಗಳ ವೆಬ್‌ಸೈಟಿನ ಮೂಲೆಯಲ್ಲಿ ಅದು ಸಿಗುತ್ತದೆ, ಅಂಗಡಿಯ ಬೆಲೆಪಟ್ಟಿಗೆ ಬಂದಿಲ್ಲ.

ಬ್ಯಾಟರಿಯ ಲೆಕ್ಕ ಸರಳ. 60 ವಾಟ್‌ಅವರ್ ಬ್ಯಾಟರಿಯಿಂದ 10 ವಾಟ್ ಬಳಸುವ ಯಂತ್ರ ಆರು ತಾಸು ನಡೆಯುತ್ತದೆ, 60 ವಾಟ್ ಬಳಸುವುದು ಒಂದೇ ತಾಸು. ದೊಡ್ಡ ಬ್ಯಾಟರಿ ಹಾಕಿ ಗೆಲ್ಲೋಣವೆಂದರೆ ಅಲ್ಲೂ ಗೋಡೆಯಿದೆ. ವಿಮಾನದಲ್ಲಿ ವಿಶೇಷ ಅನುಮತಿ ಇಲ್ಲದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವಾಟ್‌ಅವರ್ ಆಗಿರುವುದರಿಂದ ಅತಿ ಭಾರದ ಲ್ಯಾಪ್‌ಟಾಪ್‌ಗಳೂ ಅದಕ್ಕಿಂತ ತುಸು ಕೆಳಗೇ ನಿಲ್ಲುತ್ತವೆ. ಗೇಮಿಂಗ್ ಯಂತ್ರಗಳು ಚಾರ್ಜರ್ ಕಿತ್ತ ಕೂಡಲೇ ತಮ್ಮ ವೇಗವನ್ನೂ ಬಹಳಷ್ಟು ಇಳಿಸಿಕೊಳ್ಳುತ್ತವೆ. ಅಂದರೆ ಹಣ ಕೊಟ್ಟು ತಂದ ಬಲ ಗೋಡೆಯ ಪ್ಲಗ್ ಪಕ್ಕದಲ್ಲಿ ಮಾತ್ರ ಸಿಗುತ್ತದೆ. ಅರವತ್ತು ಮಂದಿಯ ತರಗತಿಯಲ್ಲಿ ನಾಲ್ಕೈದು ಪ್ಲಗ್ ಪಾಯಿಂಟ್ ಇರುವ ಕಾಲೇಜಿನಲ್ಲಿ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಮಲೆನಾಡಿನ ಮನೆಯಲ್ಲಿ ಈ ಬಲದಿಂದ ಏನು ಪ್ರಯೋಜನ?

ಹಾಗೆಂದು ತೆಳ್ಳಗಿರುವುದೆಲ್ಲ ಒಳ್ಳೆಯದಲ್ಲ. ಹಗುರ ಯಂತ್ರಗಳಲ್ಲಿ ರ‍್ಯಾಮನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುವುದು ಸಾಮಾನ್ಯ. 8 ಜಿಬಿ ಕೊಂಡರೆ ಕೊನೆಯವರೆಗೂ 8 ಜಿಬಿಯೇ. ಗೇಮಿಂಗ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಎರಡು ಸ್ಲಾಟ್ ಇರುತ್ತವೆ, ಮೂರು ವರ್ಷದ ನಂತರ ಹೊಸ ಪಟ್ಟಿ ಹಾಕಿಸಬಹುದು. ಈ ಬೆಸುಗೆಯ ಪದ್ಧತಿಯನ್ನು ಎಷ್ಟು ಆಕ್ಷೇಪಿಸಿದರೂ ಸಾಲದು, ನಾಲ್ಕು ವರ್ಷ ಓದುವವರಿಗೆ ಅದು ಅನ್ಯಾಯ. ಹಾಗಾಗಿ ಹಗುರ ಲ್ಯಾಪ್‌ಟಾಪ್ ಕೊಳ್ಳುವವರು ಬೇರೆಲ್ಲಿ ಉಳಿಸಿದರೂ 16 ಜಿಬಿಯಲ್ಲಿ ಉಳಿಸಬಾರದು. ಸಾಫ್ಟ್‌ವೇರನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು. ಸಾಲಿಡ್‌ವರ್ಕ್ಸ್, ರೆವಿಟ್, ಟ್ಯಾಲಿಪ್ರೈಮ್ ಇವು ವಿಂಡೋಸ್‌ಗಾಗಿ ಮಾಡಿದವು. ಮೆಕ್ಯಾನಿಕಲ್ ವಿಭಾಗ ಸೇರಿದ ಮಗನಿಗೆ ಚೆಂದ ಕಂಡಿತೆಂದು ಮ್ಯಾಕ್‌ಬುಕ್ ಕೊಡಿಸಿದರೆ ಮೂರನೇ ಸೆಮಿಸ್ಟರ್‌ನಲ್ಲಿ ಪೇಚಾಟ.

ಭಾರದ ಯಂತ್ರ ನಿಜವಾಗಿ ಬೇಕಾದವರಿದ್ದಾರೆ. ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಲುಮಿಯನ್‌ನಂಥ ಸಾಫ್ಟ್‌ವೇರಿನಲ್ಲಿ ಕಟ್ಟಡದ ಮೂರು ಆಯಾಮದ ಚಿತ್ರ ತಯಾರಿಸುವಾಗ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಆಗುವುದಿಲ್ಲ. ಅವರು ಆ ತೂಕ ಹೊರುವುದಕ್ಕೆ ಅರ್ಥವಿದೆ. ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರಿಗೂ ಬಲ ಬೇಕು, ಆದರೆ ಅವರ ಕೆಲಸ ನಡೆಯುವುದು ಒಂದೇ ಮೇಜಿನ ಮೇಲೆ. ಅದೇ ಹಣಕ್ಕೆ ಡೆಸ್ಕ್‌ಟಾಪ್ ಕೊಂಡರೆ ಹೆಚ್ಚು ವೇಗ, ದೊಡ್ಡ ಪರದೆ, ಕೆಟ್ಟರೆ ಬಿಡಿಭಾಗ ಬದಲಿಸುವ ಸೌಕರ್ಯ ಎಲ್ಲವೂ ಸಿಗುತ್ತದೆ. ಅಗ್ಗದ ಗೇಮಿಂಗ್ ಲ್ಯಾಪ್‌ಟಾಪ್‌ಗಳ ಪರದೆಗಳು ಬಣ್ಣವನ್ನು ಸಪ್ಪೆಯಾಗಿ ತೋರಿಸುವುದು ಸಾಮಾನ್ಯ. ಮದುಮಗಳ ಸೀರೆಯ ಕೆಂಪನ್ನು ಅಂಥ ಪರದೆಯ ಮೇಲೆ ತಿದ್ದಲು ಕೂರಬಾರದು.

ಕಂಪ್ಯೂಟರ್ ಸೈನ್ಸ್ ಸೇರಿದ ಬಹುಪಾಲು ಮಕ್ಕಳಿಗೆ ಮಾತ್ರ ಗೇಮಿಂಗ್ ಲ್ಯಾಪ್‌ಟಾಪ್ ಬೇಕಿಲ್ಲ. ವಿಟಿಯು ಮೊದಲ ವರ್ಷದಲ್ಲಿ ಕಲಿಸುವ ಸಿ ಪ್ರೋಗ್ರಾಂಗಳು ಹತ್ತು ವರ್ಷ ಹಳೆಯ ಯಂತ್ರದಲ್ಲೂ ಓಡುತ್ತವೆ. ಎಐ ಕಲಿಯಬೇಕಲ್ಲ ಎಂಬುದು ಸೀನಿಯರ್‌ಗಳು ಮುಂದಿಡುವ ವಾದ. ಕಲಿಕೆಯ ಹಂತದ ಮಾಡೆಲ್‌ಗಳಿಗೆ ಗೂಗಲ್ ಕೊಲ್ಯಾಬ್ ಇಂಟರ್ನೆಟ್ ಮೂಲಕವೇ ಜಿಪಿಯು ಒದಗಿಸುತ್ತದೆ, ಮಿತಿಯೊಳಗೆ ಉಚಿತವಾಗಿ. ದೊಡ್ಡ ಮಾಡೆಲ್‌ಗಳಿಗೆ ಯಾವ ಲ್ಯಾಪ್‌ಟಾಪ್ ಕಾರ್ಡೂ ಸಾಲುವುದಿಲ್ಲ. ಇವರಿಗೆ 14 ಇಂಚಿನ, ಒಂದೂವರೆ ಕೆಜಿ ಒಳಗಿನ, 16 ಜಿಬಿ ರ‍್ಯಾಮ್ ಮತ್ತು 512 ಜಿಬಿ ಎಸ್‌ಎಸ್‌ಡಿ ಇರುವ, ಟೈಪ್-ಸಿ ಚಾರ್ಜರ್‌ನ ಯಂತ್ರವೇ ತಕ್ಕದ್ದು. ಹಾಗೆ ಉಳಿದ ಹಣದಲ್ಲಿ ಹಾಸ್ಟೆಲ್ ಕೋಣೆಗೆ ಒಂದು ಒಳ್ಳೆಯ ಮಾನಿಟರ್ ಮತ್ತು ಕೀಬೋರ್ಡ್ ಬಂದೀತು. ಆಟವಾಡುವ ಆಸೆಯಿದ್ದರೆ ಅದನ್ನು ಮನೆಯವರಿಗೆ ನೇರವಾಗಿ ಹೇಳಿ ಗೇಮಿಂಗ್ ಲ್ಯಾಪ್‌ಟಾಪನ್ನೇ ಕೊಳ್ಳಲಿ, ತಪ್ಪೇನಿಲ್ಲ. ಓದಿಗೆ ಬೇಕೇಬೇಕು ಎಂದು ಹೇಳಬಾರದಷ್ಟೇ.

ಗ್ರಾಹಕರು ಇಷ್ಟೆಲ್ಲ ಕೆದಕಿ ತಿಳಿಯಬೇಕಾಗಿ ಬಂದಿರುವುದಕ್ಕೆ ಮಾರಾಟದ ಪದ್ಧತಿಯೇ ಕಾರಣ. ಎಸಿ, ಫ್ರಿಜ್ ಕೊಳ್ಳುವವರು ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ನಕ್ಷತ್ರ ಎಣಿಸಿ ವಿದ್ಯುತ್ ಬಳಕೆ ತಿಳಿಯುತ್ತಾರೆ. ಆ ಚೀಟಿಯನ್ನು ಅಂಟಿಸುವುದು ಕಾನೂನಿನಂತೆ ಕಡ್ಡಾಯ. ಪೊಟ್ಟಣ ಸರಕುಗಳ 2011ರ ನಿಯಮದಂತೆ ಲ್ಯಾಪ್‌ಟಾಪ್ ಡಬ್ಬಿಯ ಮೇಲೂ ಎಂಆರ್‌ಪಿ ಇರುತ್ತದೆ, ಪ್ರಮಾಣವೂ ಇರುತ್ತದೆ. ಆದರೆ ಆ ಪ್ರಮಾಣ ಎಂದರೆ ‘1 ಸಂಖ್ಯೆ’ ಎಂದಷ್ಟೇ. ಅದರ ಕೆಳಗೆ ಇನ್ನು ಮೂರು ಸಾಲು ಕಡ್ಡಾಯವಾಗಬೇಕು: ಚಾರ್ಜರ್ ಸೇರಿ ಒಟ್ಟು ತೂಕ, ಬ್ಯಾಟರಿಯ ವಾಟ್‌ಅವರ್, ಮತ್ತು ಪ್ರೊಸೆಸರ್ ಹಾಗೂ ಗ್ರಾಫಿಕ್ಸ್ ಕಾರ್ಡ್ ಅರ್ಧ ತಾಸು ದುಡಿದ ಮೇಲೂ ಪಡೆಯುವ ವಾಟ್. ತಯಾರಕರ ಬಳಿ ಈ ಮೂರೂ ಅಂಕಿಗಳು ಈಗಾಗಲೇ ಇವೆ, ಅಚ್ಚು ಹಾಕಲು ಹೊಸ ಖರ್ಚೇನೂ ಇಲ್ಲ. ಅಲ್ಲಿಯವರೆಗೆ ಕೊಳ್ಳಲು ಹೋದವರು ಪ್ರದರ್ಶನಕ್ಕಿಟ್ಟ ಯಂತ್ರವನ್ನೂ ಅದರ ಅಡಾಪ್ಟರನ್ನೂ ತಮ್ಮ ಚೀಲಕ್ಕೆ ಹಾಕಿಸಿಕೊಂಡು, ಹೆಗಲಿಗೇರಿಸಿ, ಅಂಗಡಿಯೊಳಗೇ ಹತ್ತು ನಿಮಿಷ ಓಡಾಡಿ ನೋಡುವುದು ಒಳ್ಳೆಯದು.